ರ್‍ಯಾಪಲ್ಲಿ ಬೀದಿ ಬೇರೆ, ಕಾಳಜಿ ಬೇರೆನಾ?

ನಮಸ್ಕಾರ ಕೇಳುಗರೆ. ರ್‍ಯಾಪ್ ಅಂದ ಕೂಡ್ಲೇ ಜನ ಎರಡು ಪಂಗಡ ಮಾಡ್ಬಿಡ್ತಾರೆ, ಗನ್ನು ಡ್ರಗ್ಸು ದುಡ್ಡಿನ ಜಂಬ ಒಂದ್ಕಡೆ, ಸಮಾಜದ ಬಗ್ಗೆ ಯೋಚನೆ ಮಾಡೋ ಹಾಡು ಇನ್ನೊಂದ್ಕಡೆ. ನನಗಂತೂ ಈ ಗೆರೆ ಎಲ್ಲಿದೆ ಅಂತಾನೇ ಕಾಣಲ್ಲ.

1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಲ್ಲಿ ಡಿಜೆ ಕೂಲ್ ಹರ್ಕ್ ಪಾರ್ಟಿಗಳಿಂದ ಇದೆಲ್ಲ ಶುರುವಾಗಿದ್ದು, ಸುತ್ತಮುತ್ತ ಹೆದ್ದಾರಿಗೋಸ್ಕರ ಕೆಡವಿದ ಮನೆಗಳು, ಸುಟ್ಟು ಕರಕಲಾದ ಬಿಲ್ಡಿಂಗುಗಳು, ಆದ್ರೂ ಹಾಡು ಮಾತ್ರ ಕುಣಿಯೋಕೆ. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಗುಂಪಿನ ಹೆಸರಲ್ಲಿ ‘ದ ಮೆಸೇಜ್’ ಬಂತು ನೋಡಿ, ಬೀದಿ ತುಂಬ ಒಡೆದ ಗಾಜು, ಇಲಿ, ಜಿರಳೆ, ಸಾಲಗಾರರ ಕಾಟ ಎಲ್ಲ ಹಾಡಿನೊಳಗೆ ಬಂತು. ತಮಾಷೆ ಅಂದ್ರೆ ಗುಂಪಿನವರಿಗೇ ಮೊದಲು ಅದು ಬೇಡವಾಗಿತ್ತು, ಕೊನೆಗೆ ಅವರ ಪೈಕಿ ಅದರಲ್ಲಿ ರ್‍ಯಾಪ್ ಮಾಡಿದ್ದು ಮೆಲ್ಲಿ ಮೆಲ್ ಒಬ್ಬನೇ.

ನನಗೆ ಜಾಸ್ತಿ ಹೇಳ್ಬೇಕು ಅನ್ಸೋದು ಟೂಪಾಕ್ ಶಕೂರ್ ಅನ್ನೋ ರ್‍ಯಾಪರ್ ಬಗ್ಗೆ. ಅವನ ತಾಯಿ ಅಫೇನಿ ಕಪ್ಪು ಜನರ ಹಕ್ಕಿಗೆ ಹೋರಾಡ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಲ್ಲಿ ಇದ್ದವಳು, ಹಾಗಾಗಿ ರಾಜಕೀಯ ಅವನಿಗೆ ಮನೇಲೇ ಸಿಕ್ತು. 1991ರಲ್ಲಿ, ಹನ್ನೆರಡು ವರ್ಷದ ಹುಡುಗಿ ಮಗು ಹೆತ್ತ ಪೇಪರ್ ಸುದ್ದಿ ಓದಿ ಬ್ರೆಂಡಾ ಅನ್ನೋ ಹುಡುಗಿಯ ಕಥೆ ಹಾಡಿದ. ಅದರಲ್ಲಿ ಬ್ರೆಂಡಾಗೆ ಬುದ್ಧಿ ಹೇಳೋ ಗೋಜಿಗೇ ಹೋಗಲ್ಲ ಅವನು, ಅವಳ ಅಪ್ಪ ಚಟದಲ್ಲಿ ಮುಳುಗಿದಾನೆ, ಮಗುನ ಕಸಕ್ಕೆ ಎಸೀತಾಳೆ, ಅಳು ಕೇಳಿ ಮತ್ತೆ ಎತ್ಕೋತಾಳೆ, ಹಿಂಗೆ ಒಂದಾದ್ಮೇಲೊಂದು ಹೇಳ್ತಾ ಹೋಗ್ತಾನೆ, ಕೇಳೋರಿಗೆ ತಪ್ಪು ಯಾರದು ಅಂತ ತಾನಾಗೇ ಗೊತ್ತಾಗತ್ತೆ. ಅದೇ ಮನುಷ್ಯನ 1993ರ ಆಲ್ಬಂ ತಗೊಳ್ಳಿ, ಒಂದು ಹಾಡಲ್ಲಿ ಹುಡುಗೀರ ಹಿಂದೆ ಸುತ್ತೋದನ್ನ ಕೊಚ್ಕೋತಾನೆ, ಇನ್ನೊಂದರಲ್ಲಿ ಒಂಟಿ ತಾಯಂದಿರಿಗೆ ಧೈರ್ಯ ತುಂಬ್ತಾನೆ. ಇವನನ್ನ ಯಾವ ಪಂಗಡಕ್ಕೆ ಸೇರಿಸ್ತೀರಾ?

ಹಾಗಂತ ಎಲ್ಲಾನೂ ಒಪ್ಕೊಳ್ಳೋಕಾಗಲ್ಲ ಬಿಡಿ. ಎನ್‌ಡಬ್ಲ್ಯೂಎ ಅನ್ನೋ, ಲಾಸ್ ಏಂಜಲಿಸ್ ಪಕ್ಕದ ಕಾಂಪ್ಟನ್ ಊರಿನ ರ್‍ಯಾಪ್ ಗುಂಪು 1988ರಲ್ಲಿ ಪೊಲೀಸರ ದೌರ್ಜನ್ಯದ ಬಗ್ಗೆ ಹಾಡಿ, ಮರುವರ್ಷ ಎಫ್‌ಬಿಐನಿಂದ ಅವರ ರೆಕಾರ್ಡ್ ಕಂಪನಿಗೆ ಪತ್ರ ಬರೋ ಹಂಗಾಯ್ತು, ಅಷ್ಟು ಧೈರ್ಯ. ಆದ್ರೆ ಅದೇ ಆಲ್ಬಮ್ಮಲ್ಲಿ ಹೆಂಗಸರ ಬಗ್ಗೆ ಆಡಿರೋ ಮಾತು ಬರೀ ಕೊಳಕು, ಅದಕ್ಕೆ ಬೀದಿ ಭಾಷೆ ಅನ್ನೋ ನೆಪ ಕೊಡೋದು ನನಗೆ ಇಷ್ಟ ಆಗಲ್ಲ.

ಅದೇ ಕಾಂಪ್ಟನ್ನಿಂದ ಬಂದ ಕೆಂಡ್ರಿಕ್ ಲಮಾರ್ ಇನ್ನೂ ಒಂದು ಹೆಜ್ಜೆ ಮುಂದೆ. 2015ರ ‘ದ ಬ್ಲ್ಯಾಕರ್ ದ ಬೆರಿ’ ಹಾಡಲ್ಲಿ ಜನಾಂಗದ್ವೇಷದ ಮೇಲೆ ಕೆಂಡ ಕಾರ್ತಾ ಕಾರ್ತಾ, ಕೊನೆಗೆ, ಟ್ರೇವಾನ್ ಮಾರ್ಟಿನ್ ಅನ್ನೋ ನಿರಾಯುಧ ಕಪ್ಪು ಹುಡುಗ ಗುಂಡೇಟಿಗೆ ಸತ್ತಾಗ ಅತ್ತ ನಾನೇ ಗ್ಯಾಂಗ್ ಜಗಳದಲ್ಲಿ ನನ್ನಂಥ ಕಪ್ಪು ಮನುಷ್ಯನನ್ನ ಕೊಂದವನು, ನಾನೂ ಆಷಾಢಭೂತಿನೇ ಅಂತ ಹಾಡೊಳಗಿನ ಪಾತ್ರದ ಬಾಯಲ್ಲಿ ಹೇಳಿಸ್ತಾನೆ. ಹೊಡೆಸ್ಕೊಂಡೋರ ಮೇಲೇ ತಪ್ಪು ಹೊರಿಸ್ತಿದಾನೆ ಅಂತ ಅವನ ಕಡೆಯವರೇ ಕೆಲವರು ಬೈದ್ರು. ಬೈದಿದ್ದು ತಪ್ಪು ಅಂತಾನೂ ನಾನು ಹೇಳಲ್ಲ, ಆದ್ರೆ ಮೂರು ವರ್ಷ ಬಿಟ್ಟು ಬೇರೆ ಆಲ್ಬಮ್ಮಿಗೆ ಪುಲಿಟ್ಜರ್ ಅನ್ನೋ ದೊಡ್ಡ ಪ್ರಶಸ್ತಿ ಕೊಟ್ಟಿದ್ದಕ್ಕಿಂತ ಆ ಜಗಳನೇ ನನಗೆ ದೊಡ್ಡದಾಗಿ ಕಾಣ್ಸತ್ತೆ.