ಸ್ಪ್ಯಾನರ್ ಅದೇ, ನಟ್ ಅದೇ. ಮತ್ತೆ ಟಾರ್ಕ್?

[ದೃಶ್ಯ: ರಸ್ತೆ ಬದಿ, ಪಂಕ್ಚರ್ ಆದ ಕಾರು. ಚಕ್ರದ ನಟ್‌ಗೆ ಹಾಕಿದ ಸ್ಪ್ಯಾನರ್ ಓರೆಯಾಗಿ ಮೇಲಕ್ಕೆ ನಿಂತಿದೆ.]

ನಮಸ್ಕಾರ. ಹೋದ ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರ ನನ್ನ ಕಾರು ಪಂಕ್ಚರ್ ಆಯಿತು. ಸ್ಟೆಪ್ನಿ ಇತ್ತು, ಸ್ಪ್ಯಾನರ್ ಇತ್ತು. ನಟ್ ಮಾತ್ರ ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಹಿಡಿಯ ಮೇಲೆ ಹತ್ತಿ ನಿಂತೆ. ಊಹೂಂ. ಅಷ್ಟರಲ್ಲಿ ಒಬ್ಬ ಲಾರಿ ಕ್ಲೀನರ್ ಬಂದ, ನನಗಿಂತ ಸಣಕಲು ಹುಡುಗ. ಸ್ಪ್ಯಾನರ್ ತೆಗೆದು ನೆಲಕ್ಕೆ ಸಮನಾಗಿ ಅಡ್ಡ ಹಾಕಿದ. ಒಂದೇ ತುಳಿತ. ಟಕ್!

ತಿರುಗಿಸುವ ಶಕ್ತಿಗೆ ಟಾರ್ಕ್ ಅಂತ ಹೆಸರು. ಬಲವನ್ನು ಲಿವರ್ ಆರ್ಮ್‌ನಿಂದ ಗುಣಿಸಿದರೆ ಟಾರ್ಕ್ ಸಿಗುತ್ತದೆ. ನಾವೆಲ್ಲ ಎಡವುವುದು ಇಲ್ಲೇ. ಲಿವರ್ ಆರ್ಮ್ ಅಂದರೆ ಸ್ಪ್ಯಾನರ್‌ನ ಉದ್ದ ಅಲ್ಲ!

[ಚಿತ್ರ: ಪಾದದಿಂದ ನೇರ ಕೆಳಕ್ಕೆ ಕೆಂಪು ಗೆರೆ. ನಟ್‌ನಿಂದ ಆ ಗೆರೆಗೆ ಅಡ್ಡವಾಗಿ ನೀಲಿ ಗೆರೆ.]

ನನ್ನ ಭಾರ ನೇರ ಕೆಳಕ್ಕೆ ಎಳೆಯುತ್ತದೆ, ಈ ಕೆಂಪು ಗೆರೆಯ ಹಾಗೆ. ನಟ್‌ನ ನಡುವಿನಿಂದ ಈ ಗೆರೆಗೆ ಇರುವ ಲಂಬ ದೂರವೇ ಲಿವರ್ ಆರ್ಮ್. ನೀಲಿ ಗೆರೆ ನೋಡಿ, ಎಷ್ಟು ಗಿಡ್ಡ ಅಲ್ವಾ?

ಲೆಕ್ಕ ಹಾಕೋಣ. 60 ಕೆಜಿ ಭಾರ ಅಂದರೆ ಸುಮಾರು 600 ನ್ಯೂಟನ್. ಸ್ಪ್ಯಾನರ್ 25 ಸೆಂಟಿಮೀಟರ್. ಹಿಡಿ ನೆಲದಿಂದ 60 ಡಿಗ್ರಿ ಮೇಲಕ್ಕಿದ್ದರೆ ಲಿವರ್ ಆರ್ಮ್ ಅರ್ಧಕ್ಕರ್ಧ, ಹನ್ನೆರಡೂವರೆ ಸೆಂಟಿಮೀಟರ್. ಟಾರ್ಕ್ 75 ನ್ಯೂಟನ್ ಮೀಟರ್. ಅಡ್ಡ ಹಾಕಿದರೆ ಪೂರಾ 25 ಸೆಂಟಿಮೀಟರ್, ಟಾರ್ಕ್ 150. ಕಾರಿನ ನಟ್‌ಗಳನ್ನು ಸಾಮಾನ್ಯವಾಗಿ 100ರ ಆಸುಪಾಸಿನಲ್ಲಿ ಬಿಗಿದಿರುತ್ತಾರೆ. ನಾನು ಸೋತಿದ್ದು, ಹುಡುಗ ಗೆದ್ದಿದ್ದು ಅದಕ್ಕೇ.

ಅವನು ಮಾಡಿದ್ದಾದರೂ ಏನು? ನಟ್‌ಗೆ ಆರು ಮುಖ. ಸ್ಪ್ಯಾನರ್ ಅನ್ನು ಒಂದೇ ಒಂದು ಮುಖ ಪಕ್ಕಕ್ಕೆ ಸರಿಸಿದ, ಅಷ್ಟೇ. 60 ಡಿಗ್ರಿ.

ಹಿಡಿ ನೆಟ್ಟಗೆ ಮೇಲಕ್ಕಿದ್ದರೆ? ಕೆಂಪು ಗೆರೆ ನಟ್‌ನೊಳಗೇ ಹಾದುಹೋಗುತ್ತದೆ. ದೂರ ಸೊನ್ನೆ, ಟಾರ್ಕ್ ಸೊನ್ನೆ. ಆನೆ ನಿಂತರೂ ನಟ್ ತಿರುಗುವುದಿಲ್ಲ, ಸ್ಪ್ಯಾನರ್ ಮುರಿಯಬಹುದು! ಸೈಕಲ್ ಪೆಡಲ್ ತುತ್ತತುದಿಯಲ್ಲಿದ್ದಾಗ ಸುಮ್ನೆ ಕೆಳಕ್ಕೆ ತುಳಿದರೆ ಸೈಕಲ್ ಹೊರಡುವುದಿಲ್ಲವಲ್ಲ, ಅದೂ ಇದೇ ಕತೆ.

ಹಿಡಿಗೆ ಪೈಪ್ ಸಿಕ್ಕಿಸಿದರೆ ಲಿವರ್ ಆರ್ಮ್ ಇನ್ನೂ ಜಾಸ್ತಿಯಾಗುತ್ತದೆ. ಬಿಚ್ಚುವಾಗ ಸರಿ. ಬಿಗಿಯುವಾಗ ಬೇಡ, ಬೋಲ್ಟ್ ತುಂಡಾದೀತು.

ಹಾಂ, ಚಕ್ರಕ್ಕೆ ಮುಖ ಮಾಡಿ ನಿಂತಾಗ ಹಿಡಿ ಎಡಕ್ಕಿರಲಿ. ಬಲಕ್ಕೆ ಹಾಕಿ ತುಳಿದರೆ ನಟ್ ಇನ್ನಷ್ಟು ಬಿಗಿಯಾಗುತ್ತದೆ. ಮೊದಲ ಐದು ನಿಮಿಷ ನಾನು ಮಾಡಿದ್ದು ಅದನ್ನೇ.