ಸರ್ವರ್‌ಗೆ ಬಂದ ಮೂರನೆಯ ಪಾಲುದಾರ

ಕೇಳುಗರಿಗೆ ನಮಸ್ಕಾರ.

ಬಸ್ ಟಿಕೆಟ್ ಬುಕ್ ಮಾಡಿದರೂ, ಫೋನಿನಲ್ಲಿ ದುಡ್ಡು ಕಳಿಸಿದರೂ ಆ ಕೆಲಸ ನಡೆಯುವುದು ಎಲ್ಲೋ ಇರುವ ಸರ್ವರ್‌ನಲ್ಲಿ. ತುಂಬಾ ವರ್ಷ ಸರ್ವರ್ ಅಂದರೆ ಎಕ್ಸ್86 ಬಗೆಯ ಚಿಪ್ ಅನ್ನುವಂತಿತ್ತು. ಇಂಟೆಲ್ 1978ರಲ್ಲಿ ತಂದ 8086 ಚಿಪ್‌ನ ವಂಶ ಅದು. ಪೈಪೋಟಿಯೇನಿದ್ದರೂ ಹೆಚ್ಚಾಗಿ ಇಂಟೆಲ್ ಮತ್ತು ಎಎಂಡಿ ಕಂಪನಿಗಳ ನಡುವೆ. ಈಗ ಆರ್ಮ್ ಎಂಬ ಬೇರೆ ಬಗೆಯ ಚಿಪ್ ಕೂಡ ಗಟ್ಟಿಯಾಗಿ ಕಾಲೂರಿದೆ. ಮೈಸೂರು, ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿರುವವರು ಇದರ ಮೇಲೊಂದು ಕಣ್ಣಿಡಬೇಕು.

ಆರ್ಮ್ ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿಯಲ್ಲಿ. ರೂಪಿಸಿದವರು ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್. ಮೊದಲ ಚಿಪ್ ಕೈಗೆ ಬಂದದ್ದು 1985ರ ಏಪ್ರಿಲ್‌ನಲ್ಲಿ. ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಫರ್ಬರ್ ಮೀಟರ್ ಹಚ್ಚಿ ನೋಡಿದರೆ, ಸೊನ್ನೆ! ಚಿಪ್ ಮಾತ್ರ ಓಡುತ್ತಲೇ ಇದೆ. ಆಮೇಲೆ ಗೊತ್ತಾಯಿತು, ಬೋರ್ಡಿನಲ್ಲಿ ಅದಕ್ಕೆ ಕರೆಂಟ್ ಕೊಡುವ ಸಂಪರ್ಕವೇ ಕೂಡಿರಲಿಲ್ಲ. ಸಿಗ್ನಲ್ ತಂತಿಗಳಿಂದ ಸೋರಿ ಬಂದ ಕರೆಂಟೇ ಅದಕ್ಕೆ ಸಾಕಾಗಿತ್ತು. ಇಂಥ ಚಿಪ್ ಮುಂದೆ ಮೊಬೈಲ್‌ಗಳಿಗೆಲ್ಲ ಹೋದದ್ದು ಸಹಜವೇ ಅಲ್ವಾ?

ಸಾವಿರಾರು ಸರ್ವರ್ ಇಟ್ಟವರಿಗೂ ಕರೆಂಟ್ ದೊಡ್ಡ ಖರ್ಚು. ಯಂತ್ರ ಓಡಿಸಲು ಒಂದಷ್ಟು, ಅದನ್ನು ತಣ್ಣಗಿಡಲು ಇನ್ನೊಂದಷ್ಟು. ಆದರೂ ಆರ್ಮ್ ಸುಲಭವಾಗಿ ಒಳಗೆ ಬರಲಿಲ್ಲ. ಆರ್ಮ್ ಸರ್ವರ್ ಮಾಡಲು ಹೊರಟ ಕ್ಯಾಲ್ಸೆಡಾ 2013ರಲ್ಲೇ ಬಾಗಿಲು ಹಾಕಿತು. ಕ್ವಾಲ್ಕಾಮ್ 2017ರಲ್ಲಿ ಸೆಂಟ್ರಿಕ್ ಎಂಬ ಆರ್ಮ್ ಸರ್ವರ್ ಚಿಪ್ ತಂದು, ಜಾಸ್ತಿ ದಿನ ನಡೆಸಲಿಲ್ಲ. ಚಿಪ್ ಚೆನ್ನಾಗಿದ್ದರೆ ಸಾಲದು, ಅದರ ಮೇಲೆ ಓಡುವ ಸಾಫ್ಟ್‌ವೇರ್ ಬೇಕು. ಖುದ್ದು ಇಂಟೆಲ್‌ಗೇ ಈ ಪೆಟ್ಟು ಬಿದ್ದಿದೆ. ಎಕ್ಸ್86 ಅಲ್ಲದ ಅದರ ಹೊಸ ಚಿಪ್ ಇಟೇನಿಯಂ 2001ರಲ್ಲಿ ಬಂತು. ಹಳೆಯ ಪ್ರೋಗ್ರಾಂಗಳು ಅದರ ಮೇಲೆ ಸರಾಗವಾಗಿ ಓಡಲಿಲ್ಲ. 2003ರಲ್ಲಿ ಎಎಂಡಿ, ಹಳೆಯ ಪ್ರೋಗ್ರಾಂಗಳನ್ನೂ ಸರಾಗವಾಗಿ ಓಡಿಸುವ 64 ಬಿಟ್ ಎಕ್ಸ್86 ಚಿಪ್ ಆಪ್ಟೆರಾನ್ ತಂದಿತು. ಜನ ಆ ಕಡೆ ವಾಲಿದರು.

ಗಾಳಿ ತಿರುಗಿದ್ದು 2018ರಲ್ಲಿ. ಅಮೆಜಾನ್ ತಾನೇ ಗ್ರಾವಿಟಾನ್ ಎಂಬ ಆರ್ಮ್ ಚಿಪ್ ಮಾಡಿಸಿ, ಅದರ ಸರ್ವರ್‌ಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿತು. ಯಂತ್ರ ಕೊಳ್ಳದೆ ಪರೀಕ್ಷಿಸಿ ನೋಡುವ ದಾರಿ ಎಲ್ಲರಿಗೂ ಸಿಕ್ಕಿತು. ನನ್ನ ಲೆಕ್ಕದಲ್ಲಿ ಚಿಪ್‌ನ ವೇಗಕ್ಕಿಂತ ಈ ಬಾಡಿಗೆ ವ್ಯವಸ್ಥೆಯೇ ಆರ್ಮ್‌ನ ಕೈ ಹಿಡಿದದ್ದು.

ಆರ್ಮ್ ವಿನ್ಯಾಸ ಬಳಸಲು ಲೈಸೆನ್ಸ್ ಹಣ ಕಟ್ಟಬೇಕು. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ರಿಸ್ಕ್-ಫೈವ್‌ನ ಸೂಚನಾ ಪಟ್ಟಿಗೆ, ಅಂದರೆ ಚಿಪ್‌ಗೆ ಅರ್ಥವಾಗುವ ಆದೇಶಗಳ ಪಟ್ಟಿಗೆ, ಅದೂ ಇಲ್ಲ. ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರ್ ಈ ದಾರಿಯದು. ಸರ್ವರ್ ಮಟ್ಟಕ್ಕೆ ಏರಲು ರಿಸ್ಕ್-ಫೈವ್ ಇನ್ನೂ ಬೆಳೆಯಬೇಕು.

ಇನ್ನು ಕಲಿಯುವವರಿಗೆ. ಎಕ್ಸ್86 ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿದ, ಅಂದರೆ ಆ ಚಿಪ್‌ನ ಭಾಷೆಗೆ ಇಳಿಸಿದ, ಸಿ ಪ್ರೋಗ್ರಾಂ ಅನ್ನು ಹಾಗೇ ಆರ್ಮ್ ಲಿನಕ್ಸ್ ಸರ್ವರ್‌ಗೆ ಹಾಕಿದರೆ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಅನ್ನುತ್ತದೆ. ಗಾಬರಿ ಬೇಡ. ಮೂಲ ಕೋಡನ್ನು ಅಲ್ಲೇ ಮತ್ತೆ ಕಂಪೈಲ್ ಮಾಡಿದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯಿತು. ಜಾವಾ, ಪೈಥಾನ್‌ನಲ್ಲಿ ಬರೆದದ್ದಾದರೆ ತೊಂದರೆ ಇನ್ನೂ ಕಡಿಮೆ. ಕಾಲೇಜಿನ ಲ್ಯಾಬ್‌ನಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಇದ್ದರೆ, 64 ಬಿಟ್ ಲಿನಕ್ಸ್ ಹಾಕಿ ಇದನ್ನು ಇವತ್ತೇ ಮಾಡಿ ನೋಡಬಹುದು. ಅದರೊಳಗಿರುವುದೂ ಆರ್ಮ್ ಚಿಪ್ಪೇ.