ಏರಿ ಕಾಯುವುದೂ ದೇಶ ಕಾಯುವುದೇ

ಎಲ್ಲರಿಗೂ ನಮಸ್ಕಾರ.

ದೇಶದ ಭದ್ರತೆ ಅಂದ ಕೂಡಲೇ ಗಡಿ, ಸೈನಿಕರು, ಯುದ್ಧವಿಮಾನ ನೆನಪಾಗುತ್ತವೆ. ಅದಕ್ಕೆ ದುಡ್ಡು ಬೇಕೇ ಬೇಕು. 2024ರಲ್ಲಿ ಜಗತ್ತಿನ ದೇಶಗಳೆಲ್ಲ ಸೇರಿ ಸೇನೆಗೆ ಸುಮಾರು 2.7 ಲಕ್ಷ ಕೋಟಿ ಡಾಲರ್ ಖರ್ಚು ಮಾಡಿದವು. ಅದನ್ನು ನಿಲ್ಲಿಸಿ ಅಂತ ಹೇಳಲು ನಾನು ಬಂದಿಲ್ಲ. ಆದರೆ ಜನರ ಪ್ರಾಣ ಕಾಯುವುದೇ ಭದ್ರತೆ ಅಂತಾದರೆ, ನೀರನ್ನು ತಡೆಯುವ ಏರಿಯೂ ಅದೇ ಲೆಕ್ಕಕ್ಕೆ ಬರಬೇಕು, ಅಲ್ವಾ?

ನನ್ನನ್ನು ತುಂಬಾ ಕಾಡಿದ ಒಂದು ಊರಿನ ವಿಷಯ ಹೇಳುತ್ತೇನೆ. ಅಮೆರಿಕದ ನ್ಯೂ ಆರ್ಲಿಯನ್ಸ್. ಊರಿನ ಸುಮಾರು ಅರ್ಧ ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಏರಿ, ತಡೆಗೋಡೆ, ಪಂಪುಗಳ ಬಲದಲ್ಲೇ ಅದು ನಿಂತಿದೆ. 2001ರ ಭಯೋತ್ಪಾದಕ ದಾಳಿಯ ನಂತರ ಅಲ್ಲಿನ ಸರ್ಕಾರ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಎಂಬ ಹೊಸ ಇಲಾಖೆ ಕಟ್ಟಿತು. ವಿಪತ್ತು ನೋಡಿಕೊಳ್ಳುತ್ತಿದ್ದ ಫೀಮಾ ಸಂಸ್ಥೆ 2003ರಲ್ಲಿ ಅದರೊಳಗೆ ಸೇರಿತು. ಗಮನವೂ ಅನುದಾನವೂ ಭಯೋತ್ಪಾದನೆಯ ಕಡೆ ವಾಲಿದವು.

ಅಪಾಯ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 2004ರ ಜುಲೈನಲ್ಲಿ 'ಪ್ಯಾಮ್' ಎಂಬ ಕಾಲ್ಪನಿಕ ಚಂಡಮಾರುತವನ್ನು ಇಟ್ಟುಕೊಂಡು ಅಧಿಕಾರಿಗಳು ತಾಲೀಮು ನಡೆಸಿದ್ದರು. ಊರು ಮುಳುಗುತ್ತದೆ ಅಂತ ಅದರಲ್ಲೇ ಕಂಡಿತ್ತು. ಆದರೆ ಅದರ ಮುಂದಿನ ಒಂದು ಕಾರ್ಯಾಗಾರವನ್ನು ಮುಂದೂಡಿದರು. ಬರುವವರ ಪ್ರಯಾಣ ವೆಚ್ಚಕ್ಕೆ ಸುಮಾರು 15 ಸಾವಿರ ಡಾಲರ್ ಹೊಂದಲಿಲ್ಲ ಎಂದು ಆಮೇಲೆ ಸೆನೆಟ್ ತನಿಖಾ ವರದಿ ಬರೆಯಿತು. ಆ ಮೊತ್ತವನ್ನು ಓದಿದಾಗ ನನಗೆ ಹೊಟ್ಟೆ ಕಿವುಚಿದಂತಾಯಿತು. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂತು. ಏರಿಗಳು ಒಡೆದವು. ಊರಿನ ಶೇ. 80ರಷ್ಟು ಭಾಗ ನೀರಿನಲ್ಲಿ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು.

ಹೀಗೇಕೆ ಆಗುತ್ತದೆ? ಶತ್ರುವಿಗೆ ಮುಖವಿದೆ, ಹೆಸರಿದೆ. ಭಾಷಣದಲ್ಲಿ ತೋರಿಸಬಹುದು. ಒಡೆಯದೇ ಉಳಿದ ಏರಿಯ ಫೋಟೊ ಯಾರು ಹಾಕುತ್ತಾರೆ? ಅಮೆರಿಕದ ಚುನಾವಣೆಗಳ ಬಗ್ಗೆ 2009ರಲ್ಲಿ ಬಂದ ಒಂದು ಅಧ್ಯಯನ ಇದನ್ನೇ ಹೇಳಿತು. ಪರಿಹಾರ ಹಂಚಿದವರಿಗೆ ಮತ ಬೀಳುತ್ತದೆ, ಮೊದಲೇ ಸಿದ್ಧತೆ ಮಾಡಿದವರಿಗೆ ಬೀಳುವುದಿಲ್ಲ. ಸಿದ್ಧತೆಗೆ ಹಾಕಿದ ಒಂದು ಡಾಲರ್ ಮುಂದೆ ಸುಮಾರು 15 ಡಾಲರ್ ನಷ್ಟ ಉಳಿಸುತ್ತದೆ ಎಂಬ ಲೆಕ್ಕವೂ ಅದರಲ್ಲಿದೆ. ಇದರಲ್ಲಿ ತಪ್ಪು ಬರೀ ಸರ್ಕಾರದ್ದಲ್ಲ. ಮತ ಹಾಕುವ ನಮ್ಮದೂ ಇದೆ.

ಸಿದ್ಧತೆ ಅಂದರೆ ಭಾರೀ ಖರ್ಚು ಅಂತಲೂ ಅಲ್ಲ. ಈಗಿನ ಬಾಂಗ್ಲಾದೇಶದ ಕರಾವಳಿಯನ್ನು 1970ರ ಚಂಡಮಾರುತ ಬಡಿದಾಗ ಕನಿಷ್ಠ 3 ಲಕ್ಷ ಜನ ಸತ್ತರು. ಆಮೇಲೆ ಅಲ್ಲಿ ಸ್ವಯಂಸೇವಕರನ್ನು ಬೆಳೆಸಿದರು. ಮೆಗಾಫೋನು, ಸೈಕಲ್ಲು, ಕಾಂಕ್ರೀಟಿನ ಆಶ್ರಯ ಕಟ್ಟಡಗಳು. ಒಂದೇ ಸಲಕ್ಕೆ ಆಗಲಿಲ್ಲ. 1991ರಲ್ಲಿ ಮತ್ತೆ ಒಂದು ಲಕ್ಷಕ್ಕೂ ಹೆಚ್ಚು ಜನ ಹೋದರು. ಆದರೂ ಕೆಲಸ ಬಿಡಲಿಲ್ಲ. 2020ರಲ್ಲಿ ಅಂಫಾನ್ ಬರುವ ಮೊದಲೇ 20 ಲಕ್ಷಕ್ಕೂ ಹೆಚ್ಚು ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದರು. ಬಾಂಗ್ಲಾದೇಶದಲ್ಲಿ ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ.

ಸೇನೆಗೆ ಒಂದು ಅಭ್ಯಾಸವಿದೆ. ಯುದ್ಧವಿಲ್ಲದ ವರ್ಷವೂ ಬಂದೂಕಿಗೆ ಎಣ್ಣೆ ಹಾಕುತ್ತಾರೆ, ತರಬೇತಿ ನಿಲ್ಲಿಸುವುದಿಲ್ಲ. ಮಳೆ ಕಡಿಮೆಯಾದ ವರ್ಷ ಏರಿ ದುರಸ್ತಿಯ ಹಣಕ್ಕೆ ಕತ್ತರಿ ಬೀಳುತ್ತದಲ್ಲ, ಅದು ನಿಲ್ಲಬೇಕು. ನಾನು ಕೇಳುವುದು ಇಷ್ಟೇ: ವಿಪತ್ತಿನ ಸಿದ್ಧತೆಗೆ ಬೇರೆಯದೇ ಹಣ, ಬೇರೆಯದೇ ತಂಡ. ಬೇರೆ ಭಯ ಬಂದಾಗ ಅದನ್ನು ಸುಮ್ನೆ ಆ ಕಡೆ ತಿರುಗಿಸಿಬಿಡಬಾರದು.

ಕತ್ರಿನಾದ ನಂತರ ನ್ಯೂ ಆರ್ಲಿಯನ್ಸ್ ಸುತ್ತ 1,400 ಕೋಟಿ ಡಾಲರಿಗೂ ಜಾಸ್ತಿ ಸುರಿದು ಏರಿಗಳನ್ನು ಹೊಸದಾಗಿ ಕಟ್ಟಿದರು. ಸರಿಯಾಗಿ 16 ವರ್ಷಕ್ಕೆ, 2021ರ ಆಗಸ್ಟ್ 29ರಂದು, ಐಡಾ ಚಂಡಮಾರುತ ಬಂತು. ಏರಿಗಳು ನಿಂತವು. ಆದರೆ ಊರಿಗೆ ವಿದ್ಯುತ್ ತರುವ ಎಂಟೂ ಮುಖ್ಯ ಲೈನುಗಳು ಕೈಕೊಟ್ಟವು. ಕರೆಂಟಿಲ್ಲದ ಆ ಸೆಕೆಯಲ್ಲಿ, ನೀರು ನುಗ್ಗದ ಮನೆಗಳೊಳಗೆ, ವಯಸ್ಸಾದವರು ಸತ್ತರು.